ಕರಿ ಕೋಟು ತೊಟ್ಟ ಮೊದಲ ಹೆಂಗಸರು

ಕೋರ್ಟು ಕಚೇರಿ ಎಂದರೆ ನಮ್ಮ ಹೆಂಗಸರಿಗೆ ಇವತ್ತಿಗೂ ಒಂದು ತರಹದ ಹೆದರಿಕೆ. ‘ಗೆದ್ದವನು ಸೋತ, ಸೋತವನು ಸತ್ತ’ ಎಂಬ ಮಾತನ್ನು ಕೇಳಿಕೊಂಡೇ ಬೆಳೆದವರು ನಾವು. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಕೋರ್ಟಿನ ಮೆಟ್ಟಿಲು ಹತ್ತಬಾರದು ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ನಾನೂ ಮದುವೆಯಾಗಿ ಇಪ್ಪತ್ತು ವರ್ಷವಾದರೂ ನಮ್ಮೂರ ಕೋರ್ಟಿನ ಕಾಂಪೌಂಡಿನೊಳಕ್ಕೆ ಕಾಲಿಟ್ಟವಳಲ್ಲ. ತರಕಾರಿ ತರಲು ಅದರ ಮುಂದೆಯೇ ಹೋಗುತ್ತಿದ್ದೆ, ಅಷ್ಟೆ.

ಕಾಲಿಡಬೇಕಾಗಿ ಬಂದದ್ದು ಹೋದ ವರ್ಷ, ನಮ್ಮ ಪಕ್ಕದ ಮನೆಯ ಅಕ್ಕನ ಸಲುವಾಗಿ. ಅವರ ಯಜಮಾನರು ತೀರಿಕೊಂಡು ಆರು ತಿಂಗಳಾಗಿತ್ತು. ಗಂಡನ ಕಡೆಯವರು ಒಂದು ಕಾಗದ ತಂದು, ‘ಸುಮ್ಮನೆ ಒಂದು ಸಹಿ, ಖಾತೆ ಬದಲಾಯಿಸೋಕೆ’ ಎಂದಿದ್ದರು. ಅಕ್ಕನಿಗೆ ಅನುಮಾನ. ಅಣ್ಣನನ್ನು ಕರೆದುಕೊಂಡು ಎರಡು ಸಲ ಒಬ್ಬ ವಕೀಲರಲ್ಲಿಗೆ ಹೋಗಿ ಬಂದರು. ಮಾತೆಲ್ಲ ಗಂಡಸರ ನಡುವೆಯೇ ನಡೆಯಿತಂತೆ, ಇವರು ಬೆಂಚಿನ ಮೇಲೆ ಕುಳಿತು ಎದ್ದು ಬಂದರಂತೆ. ಮೂರನೆಯ ಸಲ ನನ್ನನ್ನು ಕರೆದರು. ಕೋರ್ಟಿನಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಯ ಆಫೀಸಿಗೆ ಹೋದೆವು. ಅಲ್ಲಿ ನಮ್ಮನ್ನು ಒಬ್ಬ ಹುಡುಗಿಗೆ ಒಪ್ಪಿಸಿದರು. ಹುಡುಗಿಯೇ ಸರಿ, ಮೂವತ್ತು ದಾಟಿರಲಾರದು. ಬಿಳಿ ಸೀರೆ, ಕರಿ ಕೋಟು. ಆಕೆ ಕೇಳಿದ ಮೊದಲ ಪ್ರಶ್ನೆ ಇದು: “ಅಮ್ಮಾ, ಈ ಕಾಗದವನ್ನ ನೀವು ಓದಿದ್ದೀರಾ?”

ಅಷ್ಟು ದಿನದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಆಕೆ ಒಂದೊಂದೇ ಸಾಲು ಓದಿ ಅರ್ಥ ಹೇಳಿದಾಗ, ಅದು ಖಾತೆಯ ಕಾಗದವಲ್ಲ, ಹಕ್ಕು ಬಿಡುಗಡೆ ಪತ್ರ ಎಂದು ತಿಳಿಯಿತು. ಅಕ್ಕ ಅತ್ತರು. ಆಮೇಲೆ ಅಣ್ಣನ ಮುಂದೆಯೂ ಹೇಳದ ಎಷ್ಟೋ ಸಂಗತಿಗಳನ್ನು ಆ ಹುಡುಗಿಯ ಮುಂದೆ ಹೇಳಿಕೊಂಡರು.

ಮನೆಗೆ ಬಂದ ಮೇಲೂ ನನಗೆ ಅದೇ ಯೋಚನೆ. ಆ ಕುರ್ಚಿಯಲ್ಲಿ ಆ ಹುಡುಗಿ ಇರದಿದ್ದರೆ? ಇಂಥ ಹುಡುಗಿಯರಿಗೆ ಕೋರ್ಟಿನ ಬಾಗಿಲು ತೆರೆದವರು ಯಾರು? ಲೈಬ್ರರಿಯಿಂದ ಪುಸ್ತಕ ತಂದು ಓದಿದೆ, ಮಗಳಿಂದಲೂ ಕೇಳಿ ತಿಳಿದುಕೊಂಡೆ. ಓದಿದ ಮೇಲೆ ನಿಮಗೂ ಹೇಳಬೇಕೆನ್ನಿಸಿತು.

ಪರದೆಯ ಹಿಂದಿನವರಿಗೆ ಒಬ್ಬ ವಕೀಲೆ

ಈ ಕತೆ ಆರಂಭವಾಗುವುದು ಕಾರ್ನೀಲಿಯಾ ಸೊರಾಬ್ಜಿ ಎಂಬಾಕೆಯಿಂದ. ಹುಟ್ಟಿದ್ದು 1866ರಲ್ಲಿ, ನಾಸಿಕದಲ್ಲಿ. ತಂದೆ ಪಾರ್ಸಿ ಮನೆತನದಲ್ಲಿ ಹುಟ್ಟಿ ಕ್ರೈಸ್ತ ಧರ್ಮ ಸೇರಿದವರು, ತಾಯಿ ಪುಣೆಯಲ್ಲಿ ಶಾಲೆಗಳನ್ನು ನಡೆಸುತ್ತಿದ್ದವರು. ಕಾರ್ನೀಲಿಯಾ ಚಿಕ್ಕವಳಿದ್ದಾಗ, ಆಸ್ತಿ ನೋಡಿಕೊಳ್ಳುತ್ತಿದ್ದವನಿಂದಲೇ ಮೋಸಹೋದ ಒಬ್ಬ ಗುಜರಾತಿ ಹೆಂಗಸು ತಾಯಿಯ ಬಳಿ ಗೋಳು ಹೇಳಿಕೊಳ್ಳಲು ಬಂದಿದ್ದಳು. ಇಂಥವರಿಗೆ ನೆರವಾಗಬೇಕೆಂದಿದ್ದರೆ ಕಾನೂನು ಓದು ಎಂದು ತಾಯಿ ಮಗಳಿಗೆ ಹೇಳಿದರಂತೆ. ಆ ಮಾತು ಹುಡುಗಿಯ ಮನಸ್ಸಿನಲ್ಲಿ ಕೂತುಬಿಟ್ಟಿತು.

ಬೊಂಬಾಯಿ ವಿಶ್ವವಿದ್ಯಾನಿಲಯದ ಮೊದಲ ಮಹಿಳಾ ಪದವೀಧರೆ ಈಕೆ. ಪರೀಕ್ಷೆಯಲ್ಲಿ ಪಡೆದ ಸ್ಥಾನಕ್ಕೆ ಇಂಗ್ಲೆಂಡಿನಲ್ಲಿ ಓದಲು ಸರ್ಕಾರದ ವಿದ್ಯಾರ್ಥಿವೇತನ ಸಿಗಬೇಕಾಗಿತ್ತು. ಹೆಣ್ಣೆಂಬ ಒಂದೇ ಕಾರಣಕ್ಕೆ ಸಿಗಲಿಲ್ಲ. ಕೊನೆಗೆ ಕೆಲವು ಇಂಗ್ಲಿಷ್ ಮಹನೀಯರು ಚಂದಾ ಎತ್ತಿ ಹಣ ಕೂಡಿಸಿದರು. ಅವರಲ್ಲಿ ದಾದಿಯರ ಸೇವೆಗೆ ಹೆಸರಾದ ಫ್ಲಾರೆನ್ಸ್ ನೈಟಿಂಗೇಲ್ ಕೂಡ ಇದ್ದರು. 1889ರಲ್ಲಿ ಆಕ್ಸ್‌ಫರ್ಡ್ ಸೇರಿದ ಕಾರ್ನೀಲಿಯಾ 1892ರಲ್ಲಿ ಅಲ್ಲಿಯ ಕಾನೂನು ಪರೀಕ್ಷೆಯನ್ನು ವಿಶೇಷ ಅನುಮತಿಯ ಮೇಲೆ ಬರೆದು ಮುಗಿಸಿದರು. ಪರೀಕ್ಷೆ ಬರೆಯಬಹುದು, ಆದರೆ ಪದವಿ ಕೊಡುವುದಿಲ್ಲ ಎಂಬುದು ಆಗಿನ ನಿಯಮ! ಆ ಪದವಿ ಅವರ ಕೈಗೆ ಬಂದದ್ದು 1922ರಲ್ಲಿ. ಮೂವತ್ತು ವರ್ಷ, ಗೆಳತಿಯರೇ! ಅಷ್ಟರಲ್ಲಿ ಅವರಿಗೆ ಐವತ್ತೈದು ದಾಟಿತ್ತು.

ಊರಿಗೆ ಮರಳಿದ ಮೇಲೆ ಇಲ್ಲಿಯ ಕಾನೂನು ಪರೀಕ್ಷೆಗಳನ್ನೂ ಪಾಸು ಮಾಡಿದರು. ಆದರೂ ವಕೀಲಿ ಸನ್ನದು ಕೊಡಲು ಯಾರೂ ಸಿದ್ಧರಿರಲಿಲ್ಲ. ಅವರು ಸುಮ್ಮನೆ ಕೂರಲಿಲ್ಲ. ಆಗಿನ ಜಮೀನುದಾರರ ಮನೆಗಳಲ್ಲಿ ಪರದೆಯ ಹಿಂದೆ ಬಾಳುತ್ತಿದ್ದ ಹೆಂಗಸರ ಪಾಡು ಕೇಳಿ. ಹೊರಗಿನ ಗಂಡಸಿನ ಮುಖ ನೋಡುವಂತಿಲ್ಲ. ವಕೀಲರೆಲ್ಲ ಗಂಡಸರು. ಗಂಡ ಸತ್ತರೆ ಆಸ್ತಿ ಯಾರು ನೋಡುತ್ತಾರೆ, ಲೆಕ್ಕ ಏನಾಗುತ್ತದೆ, ಯಾವ ಕಾಗದಕ್ಕೆ ತಾವು ಹೆಬ್ಬೆಟ್ಟು ಒತ್ತುತ್ತಿದ್ದೇವೆ, ಒಂದೂ ಗೊತ್ತಾಗುವಂತಿಲ್ಲ. ಇಂಥವರ ಬಳಿಗೆ ಹೋಗಲು ಒಬ್ಬ ಹೆಂಗಸೇ ಬೇಕೆಂದು ಕಾರ್ನೀಲಿಯಾ ಸರ್ಕಾರಕ್ಕೆ ಬಿಡದೆ ಬರೆದರು. 1904ರಲ್ಲಿ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್ ಎಂಬ ಇಲಾಖೆಯಲ್ಲಿ ಅವರಿಗೆ ಕೆಲಸ ಸಿಕ್ಕಿತು. ದಿಕ್ಕಿಲ್ಲದ ವಿಧವೆಯರ, ಅಪ್ರಾಪ್ತ ಮಕ್ಕಳ ಆಸ್ತಿಯನ್ನು ನೋಡಿಕೊಳ್ಳುವ ಇಲಾಖೆ ಅದು. ಸುಮಾರು ಇಪ್ಪತ್ತು ವರ್ಷ ಬಂಗಾಳ, ಬಿಹಾರ, ಒರಿಸ್ಸಾ, ಅಸ್ಸಾಂ ಎಂದು ತಿರುಗಿ ಸುಮಾರು ಆರುನೂರು ಮಂದಿ ಹೆಂಗಸರು ಮಕ್ಕಳಿಗೆ ನೆರವಾದರು.

ಈಕೆ ಬ್ರಿಟಿಷ್ ಆಳ್ವಿಕೆಯ ಪರವಾಗಿದ್ದವರು, ಗಾಂಧೀಜಿಯವರ ಚಳವಳಿಯನ್ನು ಟೀಕಿಸಿದವರು. ಆದ್ದರಿಂದಲೇ ಏನೋ, ನಮ್ಮವರು ಬಹುಕಾಲ ಅವರನ್ನು ಮರೆತರು. ಆ ವಿಷಯದಲ್ಲಿ ನನಗೂ ಅವರ ಮಾತು ಹಿಡಿಸುವುದಿಲ್ಲ. ಆದರೆ ಪರದೆಯೊಳಕ್ಕೆ ಹೋಗಿ ‘ತಾಯಿ, ಈ ಕಾಗದದಲ್ಲಿ ಹೀಗಿದೆ’ ಎಂದು ಹೇಳುವ ಕೆಲಸವನ್ನು ಅವರು ಮಾಡಿದರಲ್ಲ, ಅದನ್ನು ಮರೆಯುವುದು ನ್ಯಾಯವಲ್ಲ.

‘ವ್ಯಕ್ತಿ’ ಎಂದರೆ ಗಂಡಸು ಮಾತ್ರವೇ?

ಈಗ ಕಲ್ಕತ್ತೆಗೆ ಬನ್ನಿ. ವರ್ಷ 1916. ರೆಜಿನಾ ಗುಹಾ ಎಂಬ ತರುಣಿ ಎಂ.ಎ. ಮಾಡಿ, ಬಿ.ಎಲ್. ಕೂಡ ಪಾಸು ಮಾಡಿ, ವಕೀಲಳಾಗಿ ಹೆಸರು ನೋಂದಾಯಿಸಿಕೊಳ್ಳಲು ಅರ್ಜಿ ಹಾಕಿದಳು. ಪ್ರಶ್ನೆ ಕಲ್ಕತ್ತಾ ಹೈಕೋರ್ಟಿನ ಐವರು ನ್ಯಾಯಾಧೀಶರ ಮುಂದೆ ಬಂತು. ಆಗ ಇದ್ದದ್ದು 1879ರ ವಕೀಲರ ಕಾಯಿದೆ. ಅರ್ಹತೆ ಇರುವ ‘ವ್ಯಕ್ತಿ’ ವಕೀಲನಾಗಬಹುದು ಎಂದು ಅದರಲ್ಲಿತ್ತು. ಹೆಂಗಸು ವ್ಯಕ್ತಿಯಲ್ಲವೇ ಎಂಬುದು ರೆಜಿನಾ ಪರ ವಾದ. ಕಾಯಿದೆ ಮಾಡಿದವರ ಮನಸ್ಸಿನಲ್ಲಿ ಹೆಂಗಸರು ಇರಲೇ ಇಲ್ಲ, ಅದರಲ್ಲಿ ‘ಅವನು’ ಎಂದೇ ಬರೆದಿದೆ, ಆದ್ದರಿಂದ ಆಗದು ಎಂದು ನ್ಯಾಯಾಧೀಶರು ತೀರ್ಮಾನಿಸಿದರು.

ಓದುವಾಗ ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಕಾಲೇಜಿಗೆ ಸೇರಿಸಿಕೊಂಡು, ಫೀಜು ತೆಗೆದುಕೊಂಡು, ಪದವಿಯನ್ನೂ ಕೊಟ್ಟ ಮೇಲೆ, ನೀನು ‘ವ್ಯಕ್ತಿ’ ಅಲ್ಲ ಅಂದರೆ!

ಐದು ವರ್ಷದ ಬಳಿಕ, 1921ರಲ್ಲಿ, ಕಟಕದ ಸುಧಾಂಶುಬಾಲಾ ಹಜ್ರಾ ಪಟ್ನಾ ಹೈಕೋರ್ಟಿಗೆ ಇಂಥದೇ ಅರ್ಜಿ ಕೊಟ್ಟರು. ಒರಿಸ್ಸಾದ ಹೆಸರಾಂತ ಮುಂದಾಳು ಮಧುಸೂದನ ದಾಸರು ಆಕೆಯ ಪರ ವಾದಿಸಿದರು. ಅದೇ ವರ್ಷ ಅಲಹಾಬಾದ್ ಹೈಕೋರ್ಟು ಕಾರ್ನೀಲಿಯಾ ಅವರ ಹೆಸರನ್ನು ದಾಖಲು ಮಾಡಿಕೊಂಡಿತ್ತು. ಆದರೂ ಪಟ್ನಾದಲ್ಲಿ ಕಲ್ಕತ್ತೆಯ ಹಳೆಯ ತೀರ್ಪಿನ ದಾರಿಯನ್ನೇ ಹಿಡಿದು ಹಜ್ರಾ ಅವರ ಅರ್ಜಿಯನ್ನು ತಳ್ಳಿಹಾಕಿದರು. ಒಂದು ಊರಿನಲ್ಲಿ ವಕೀಲೆ, ಇನ್ನೊಂದು ಊರಿನಲ್ಲಿ ಅಲ್ಲ! ಈ ಗೊಂದಲ ದೆಹಲಿಯ ಶಾಸನ ಸಭೆಯವರೆಗೂ ಹೋಯಿತು. ಕೊನೆಗೆ 1923ರಲ್ಲಿ ಹೊಸ ಕಾಯಿದೆಯೇ ಬಂತು. ಹೆಣ್ಣೆಂಬ ಕಾರಣ ಒಂದರಿಂದಲೇ ಯಾರನ್ನೂ ವಕೀಲಿ ವೃತ್ತಿಯಿಂದ ದೂರ ಇಡುವಂತಿಲ್ಲ ಎಂದು ಅದು ಹೇಳಿತು.

ರೆಜಿನಾ, ಸುಧಾಂಶುಬಾಲಾ ಇಬ್ಬರೂ ಸೋತವರು. ಆದರೆ ಅವರು ಸೋತದ್ದರಿಂದಲೇ ಕಾಯಿದೆ ಬದಲಾಯಿತು. ‘ಸೋತವನು ಸತ್ತ’ ಎಂಬ ಗಾದೆ ಎಲ್ಲ ಕಡೆಗೂ ಹೊಂದುವುದಿಲ್ಲ ಎಂದು ನನಗೆ ಅನ್ನಿಸಿದ್ದು ಇಲ್ಲಿ.

ಬಾಗಿಲು ತೆರೆಯಿತು, ಮನಸ್ಸು ತೆರೆಯಲಿಲ್ಲ

ಕಾಯಿದೆ ಬಂದ ಮಾತ್ರಕ್ಕೆ ಕಕ್ಷಿಗಾರರು ಬರುತ್ತಾರೆಯೇ? ಬೊಂಬಾಯಿ ಹೈಕೋರ್ಟಿನ ಮೊದಲ ವಕೀಲೆ ಮಿಠಾನ್ ಟಾಟಾ. ಮದುವೆಯ ನಂತರ ಮಿಠಾನ್ ಲಾಮ್ ಎಂದಾದರು. 1923ರಲ್ಲಿ ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಿ ಬಂದವರು. ಮೊದಲ ಕಕ್ಷಿಗಾರ ಬಂದಾಗ, ಇಷ್ಟೊಂದು ವಕೀಲರಿರುವಾಗ ನನ್ನ ಬಳಿಗೇ ಏಕೆ ಬಂದಿರಿ ಎಂದು ಕೇಳಿದರಂತೆ. ಕೇಸಿನಲ್ಲಿ ತಾನು ಗೆಲ್ಲುವುದು ಖಂಡಿತ, ಆದರೆ ಎದುರಾಳಿಗೆ ಒಬ್ಬ ಹೆಂಗಸಿನ ಕೈಯಲ್ಲಿ ಸೋತ ಅವಮಾನವೂ ಆಗಲಿ ಎಂದು ಬಂದೆ ಎಂದನಂತೆ ಆತ! ಮಿಠಾನ್ ಎದೆಗುಂದಲಿಲ್ಲ. 1936ರ ಪಾರ್ಸಿ ವಿವಾಹ ಮತ್ತು ವಿಚ್ಛೇದನ ಕಾಯಿದೆಯ ಹಿಂದೆ ಅವರ ದುಡಿಮೆಯಿದೆ. 1947ರಲ್ಲಿ ಬೊಂಬಾಯಿಯ ಷರೀಫ್ ಆದರು. ಆ ಗೌರವ ಪಡೆದ ಮೊದಲ ಮಹಿಳೆ ಅವರೇ.

ಕೇರಳದ ಅನ್ನಾ ಚಾಂಡಿಯವರ ಕತೆ ನಮಗೆ ಇನ್ನೂ ಹತ್ತಿರದ್ದು. ಏಕೆಂದರೆ ಅವರೂ ಒಂದು ಮಹಿಳಾ ಪತ್ರಿಕೆಯ ಸಂಪಾದಕಿ! 1905ರಲ್ಲಿ ಹುಟ್ಟಿದ ಅವರು ಆಗಿನ ತಿರುವಾಂಕೂರಿನಲ್ಲಿ ಕಾನೂನು ಓದಿ, 1930ರಲ್ಲಿ ‘ಶ್ರೀಮತಿ’ ಎಂಬ ಪತ್ರಿಕೆ ಆರಂಭಿಸಿದರು. ಹೆಂಗಸರಿಗೆ ಸರ್ಕಾರಿ ನೌಕರಿ ಕೊಟ್ಟರೆ ಸಂಸಾರ ಹಾಳಾಗುತ್ತದೆ ಎಂದು ಸಭೆಯಲ್ಲಿ ಮಾತನಾಡಿದ ದೊಡ್ಡ ಮನುಷ್ಯರೊಬ್ಬರಿಗೆ, ಕೋರ್ಟಿನಲ್ಲಿ ವಾದಿಸುವ ಹಾಗೆ ಒಂದೊಂದೇ ಅಂಶ ಎತ್ತಿಕೊಂಡು ಉತ್ತರ ಕೊಟ್ಟವರು ಅವರು. ಚುನಾವಣೆಗೆ ನಿಂತಾಗ ಅವರ ನಡತೆಯ ಬಗ್ಗೆ ಕೆಟ್ಟ ಮಾತುಗಳನ್ನು ಹಬ್ಬಿಸಿದರು, ಸೋತರು. ಮತ್ತೆ ನಿಂತು ಗೆದ್ದರು. 1937ರಲ್ಲಿ ಮುನ್ಸೀಫರಾದರು, 1948ರಲ್ಲಿ ಜಿಲ್ಲಾ ನ್ಯಾಯಾಧೀಶರು, 1959ರಲ್ಲಿ ಕೇರಳ ಹೈಕೋರ್ಟಿನ ನ್ಯಾಯಮೂರ್ತಿ. ನಮ್ಮ ದೇಶದ ಯಾವ ಹೈಕೋರ್ಟಿನಲ್ಲೂ ಅದಕ್ಕೆ ಮೊದಲು ಒಬ್ಬ ಹೆಂಗಸು ನ್ಯಾಯಪೀಠದಲ್ಲಿ ಕುಳಿತಿರಲಿಲ್ಲ.

ಒಬ್ಬರ ದೀಪದಿಂದ ಇನ್ನೊಬ್ಬರದು

ಅದೇ ಕೇರಳದ ಪತ್ತನಂತಿಟ್ಟದಲ್ಲಿ ಮೀರಾ ಸಾಹೇಬ್ ಎಂಬ ತಂದೆ ಇದ್ದರು. ಎಂಟು ಮಕ್ಕಳಲ್ಲಿ ಹಿರಿಯಳು ಫಾತಿಮಾ. ಆಕೆಗೆ ರಸಾಯನಶಾಸ್ತ್ರ ಓದುವ ಆಸೆ. ಅನ್ನಾ ಚಾಂಡಿಯವರನ್ನು ಕಂಡು ಮೆಚ್ಚಿದ್ದ ತಂದೆ, ಬೇಡ, ಕಾನೂನು ಓದು ಎಂದರು. 1950ರಲ್ಲಿ ಬಾರ್ ಕೌನ್ಸಿಲ್ ಪರೀಕ್ಷೆಯಲ್ಲಿ ಆಕೆಗೆ ಚಿನ್ನದ ಪದಕ. ಮುಂದೆ 1958ರಲ್ಲಿ ಮುನ್ಸೀಫ್, 1983ರಲ್ಲಿ ಹೈಕೋರ್ಟು, 1989ರ ಅಕ್ಟೋಬರ್ 6ರಂದು ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ. ಅವರೇ ಎಂ. ಫಾತಿಮಾ ಬೀವಿ. 2023ರಲ್ಲಿ ತೀರಿಕೊಂಡರು.

ಇಲ್ಲಿ ನಮ್ಮ ಕರ್ನಾಟಕದ ಒಂದು ಎಳೆಯೂ ಇದೆ. ಫಾತಿಮಾ ಬೀವಿಯವರು ಸುಪ್ರೀಂ ಕೋರ್ಟಿಗೆ ಬಂದಾಗ ದೇಶದ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ಮಂಡ್ಯ ಜಿಲ್ಲೆಯವರಾದ ಇ.ಎಸ್. ವೆಂಕಟರಾಮಯ್ಯನವರು. ಅವರ ಮಗಳು ಬಿ.ವಿ. ನಾಗರತ್ನ ಅವರು 2008ರಲ್ಲಿ ಕರ್ನಾಟಕ ಹೈಕೋರ್ಟಿಗೂ 2021ರಲ್ಲಿ ಸುಪ್ರೀಂ ಕೋರ್ಟಿಗೂ ನ್ಯಾಯಮೂರ್ತಿಯಾಗಿ ನೇಮಕಗೊಂಡರು. ಹಿರಿತನದ ಲೆಕ್ಕದಲ್ಲಿ ದೇಶದ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿಯಾಗುವ ಸಾಲಿನಲ್ಲಿ ಅವರಿದ್ದಾರೆಂದು ಆಗಲೇ ಪತ್ರಿಕೆಗಳು ಬರೆದವು. ಆದರೆ ಇನ್ನೊಂದು ಲೆಕ್ಕವನ್ನೂ ನೋಡಿ. 1989ರಿಂದ 2021ರವರೆಗೆ, ಮೂವತ್ತೆರಡು ವರ್ಷದಲ್ಲಿ, ಸುಪ್ರೀಂ ಕೋರ್ಟಿಗೆ ಬಂದ ಮಹಿಳಾ ನ್ಯಾಯಮೂರ್ತಿಗಳು ಒಟ್ಟು ಹನ್ನೊಂದೇ ಮಂದಿ.

ಇನ್ನೊಬ್ಬರು ನಮ್ಮ ಬಳ್ಳಾರಿಯ ಮಂಜುಳಾ ಚೆಲ್ಲೂರು ಅವರು. ಬಳ್ಳಾರಿಯಲ್ಲಿ ವಕೀಲಿ ವೃತ್ತಿ ಹಿಡಿದ ಮೊದಲ ಹೆಂಗಸು. ಜಿಲ್ಲಾ ನ್ಯಾಯಾಧೀಶರಾಗಿ, 2000ದಲ್ಲಿ ಕರ್ನಾಟಕ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದರು. ಆಮೇಲೆ ಕೇರಳದ ಮುಖ್ಯ ನ್ಯಾಯಮೂರ್ತಿ. 2014ರಲ್ಲಿ ಕಲ್ಕತ್ತಾ ಹೈಕೋರ್ಟಿನ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿ. ನೆನಪಿದೆಯೇ? ರೆಜಿನಾ ಗುಹಾ ‘ವ್ಯಕ್ತಿ’ಯಲ್ಲ ಎಂದ ಕೋರ್ಟು ಅದೇ. ತೊಂಬತ್ತೆಂಟು ವರ್ಷದ ಮೇಲೆ ಅಲ್ಲಿಯ ಅತಿ ದೊಡ್ಡ ಕುರ್ಚಿಯಲ್ಲಿ ನಮ್ಮ ಬಳ್ಳಾರಿಯ ಹೆಣ್ಣುಮಗಳು ಕುಳಿತರು. ಇದನ್ನು ಓದಿದ ದಿನ ನನ್ನ ಕಣ್ಣಲ್ಲಿ ನೀರು ಬಂತು.

ಮಕ್ಕಳ ತಾಯಿ, ಪರೀಕ್ಷೆಯಲ್ಲಿ ಮೊದಲು

ನಮ್ಮಂಥ ಗೃಹಿಣಿಯರಿಗೆ ಬಹಳ ಹಿಡಿಸುವವರು ಲೀಲಾ ಸೇಠ್. ಗಂಡನ ಕೆಲಸದ ಮೇಲೆ ಲಂಡನ್ನಿಗೆ ಹೋದವರು. ಕೈಯಲ್ಲಿ ಸಣ್ಣ ಮಕ್ಕಳು. ಕಾನೂನು ತರಗತಿಗೆ ದಿನವೂ ಹಾಜರಾಗಬೇಕೆಂಬ ಕಟ್ಟುನಿಟ್ಟು ಇಲ್ಲ, ಮನೆಯನ್ನೂ ನೋಡಿಕೊಳ್ಳಬಹುದು ಎಂದು ಅದನ್ನು ಆರಿಸಿಕೊಂಡರು. 1958ರಲ್ಲಿ ಲಂಡನ್ನಿನ ಬಾರ್ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲು ಬಂದರು. ಅಲ್ಲಿಯವರೆಗೆ ಯಾವ ಹೆಂಗಸೂ ಮೊದಲು ಬಂದಿರಲಿಲ್ಲ.

ಕಲ್ಕತ್ತೆಯಲ್ಲಿ ಒಬ್ಬ ಹಿರಿಯ ವಕೀಲರ ಬಳಿ ಕೆಲಸ ಕಲಿಯಲು ಹೋದಾಗ, ಹೋಗಿ ಮದುವೆ ಮಾಡಿಕೋ ಎಂದರಂತೆ. ಆಗಿದೆ ಎಂದರು ಲೀಲಾ. ಹಾಗಾದರೆ ಒಂದು ಮಗುವಾಗಲಿ ಎಂದರು ಹಿರಿಯರು. ಅದೂ ಆಗಿದೆ. ಒಂದೇ ಮಗು ಇದ್ದರೆ ಚೆನ್ನಲ್ಲ, ಇನ್ನೊಂದಾಗಲಿ. ಅದೂ ಇದೆ ಎಂದರು ಲೀಲಾ! ಹಿರಿಯರು ಸೋತು ಸೇರಿಸಿಕೊಂಡರು. ಆಮೇಲೆ ಅವರು ಹತ್ತು ವರ್ಷ ವಕೀಲಿ ಮಾಡಿದ್ದು, ಹಿಂದೆ ಸುಧಾಂಶುಬಾಲಾ ಅವರನ್ನು ಬೇಡವೆಂದ ಪಟ್ನಾ ಹೈಕೋರ್ಟಿನಲ್ಲಿಯೇ. 1978ರಲ್ಲಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ, 1991ರಲ್ಲಿ ಹಿಮಾಚಲ ಪ್ರದೇಶದ ಮುಖ್ಯ ನ್ಯಾಯಮೂರ್ತಿ. ಒಂದು ಹೈಕೋರ್ಟಿಗೆ ಮುಖ್ಯ ನ್ಯಾಯಮೂರ್ತಿಯಾದ ಮೊದಲ ಮಹಿಳೆ ಅವರು. 2017ರಲ್ಲಿ ತೀರಿಕೊಂಡರು.

ಅವರಿಂದ ನಮ್ಮ ಮನೆ ಬಾಗಿಲಿಗೇ ಬಂದ ಒಂದು ಉಪಕಾರವಿದೆ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗಿದ್ದ ಹುಟ್ಟುಹಕ್ಕು ಮಗಳಿಗೂ ಇರಬೇಕೆಂದು 2000ದಲ್ಲಿ ಶಿಫಾರಸು ಮಾಡಿದ ಕಾನೂನು ಆಯೋಗದಲ್ಲಿ ಅವರು ಸದಸ್ಯೆಯಾಗಿದ್ದರು. 2005ರ ತಿದ್ದುಪಡಿ ಬಂದದ್ದು ಆ ಹಾದಿಯಲ್ಲಿ. ನಮ್ಮ ಕರ್ನಾಟಕದಲ್ಲಿ 1994ರಲ್ಲೇ ಇಂಥ ಕಾನೂನು ಬಂದಿತ್ತು, ಆದರೆ ಅದಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳಿಗೆ ಅದು ಸಿಗುತ್ತಿರಲಿಲ್ಲ. 2005ರ ಕಾನೂನು ಆ ಭೇದವನ್ನೂ ತೆಗೆಯಿತು.

ನಮಗಾಗಿ ಮಾಡಿದರು, ನಮಗೆ ಗೊತ್ತಿರಲಿ

ಈಗ ನನ್ನದೇ ಒಂದು ಮಾತು. ನಮ್ಮ ತಂದೆ ತೀರಿಕೊಂಡ ವರ್ಷ ತವರಿಗೆ ಹೋಗಿದ್ದಾಗ, ‘ಅಕ್ಕಾ, ಇಲ್ಲೊಂದು ಸಹಿ ಹಾಕು’ ಎಂದು ಕಾಗದ ಮುಂದಿಟ್ಟರು. ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು ಹಾಕಿದೆ. ಓದಲಿಲ್ಲ. ಓದಲು ಬಾರದವಳಲ್ಲ, ಎಸ್.ಎಸ್.ಎಲ್.ಸಿ. ಪಾಸಾದವಳು. ಓದಿದರೆ ತಮ್ಮ ಏನೆಂದುಕೊಳ್ಳುತ್ತಾನೋ ಎಂಬ ಸಂಕೋಚ. ಅದರಲ್ಲಿ ಏನಿತ್ತೆಂದು ಇವತ್ತಿಗೂ ನನಗೆ ತಿಳಿಯದು. ತಮ್ಮ ಒಳ್ಳೆಯವನೇ. ಒಂದು ವೇಳೆ ಓದಿದ್ದರೂ ಸಹಿ ಹಾಕುತ್ತಿದ್ದೆನೋ ಏನೋ. ಆದರೆ ತಿಳಿದು ಬಿಟ್ಟುಕೊಡುವುದು ಬೇರೆ, ತಿಳಿಯದೆ ಕಳೆದುಕೊಳ್ಳುವುದು ಬೇರೆ. ಪರದೆಯ ಹಿಂದೆ ಕುಳಿತು ಹೆಬ್ಬೆಟ್ಟು ಒತ್ತಿದ ಆ ಹೆಂಗಸರಿಗೂ ನನಗೂ ಏನು ವ್ಯತ್ಯಾಸ ಎಂದು ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ಅದಕ್ಕೇ ಕೆಲವು ಸಂಗತಿಗಳನ್ನು ಬರೆದಿಟ್ಟುಕೊಳ್ಳಿ:

ಒಂದು, ಯಾವ ಕಾಗದಕ್ಕೂ ಓದದೆ ಸಹಿ ಹಾಕಬೇಡಿ. ‘ನಾಳೆ ಓದಿ ಕೊಡ್ತೀನಿ’ ಎನ್ನಲು ನಾಚಿಕೆ ಬೇಡ. ಹಕ್ಕು ಬಿಡುಗಡೆ, ದಾನಪತ್ರ, ವಿಭಾಗಪತ್ರ ಎಂಬ ಮಾತುಗಳು ಕಂಡರೆ ತಿಳಿದವರಿಂದ ಅರ್ಥ ಕೇಳಿ.

ಎರಡು, ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. 2005ಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೂ ಈ ಹಕ್ಕು ಇದೆ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ಕಾನೂನಿನಂತೆ ಭಾಗವಾಗಿ ಹೋಗಿದ್ದರೆ ಅದನ್ನು ಮತ್ತೆ ತೆರೆಯುವಂತಿಲ್ಲ. ತಂದೆಯ ಸ್ವಂತ ಸಂಪಾದನೆಯಾದರೆ ಅವರು ಉಯಿಲು ಬರೆದಂತೆ. ಉಯಿಲಿಲ್ಲದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತೀರಿಕೊಂಡವರ ತಾಯಿ ಇದ್ದರೆ ಅವರಿಗೂ ಸಮಪಾಲು.

ಮೂರು, ಹಣವಿಲ್ಲ ಎಂದು ಹಿಂಜರಿಯಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ತಾಲ್ಲೂಕು ಕೋರ್ಟಿನಲ್ಲಿ ಸಮಿತಿಯ ಆಫೀಸು ಎಲ್ಲಿದೆ ಎಂದು ಕೇಳಿದರೆ ತೋರಿಸುತ್ತಾರೆ. 15100 ಎಂಬ ನಂಬರಿಗೆ ಫೋನು ಮಾಡಿಯೂ ಕೇಳಬಹುದು.

ನಾಲ್ಕು, ಮಗಳು ಪಿ.ಯು.ಸಿ. ಮುಗಿಸಿ ಕಾನೂನು ಓದುತ್ತೇನೆ ಎಂದರೆ ‘ಹುಡುಗಿಗೆ ಯಾಕೆ ಕೋರ್ಟು’ ಎನ್ನಬೇಡಿ. ಪಿ.ಯು.ಸಿ. ಆದ ಮೇಲೆ ಐದು ವರ್ಷ, ಡಿಗ್ರಿ ಆದ ಮೇಲೆ ಮೂರು ವರ್ಷ. ಮೀರಾ ಸಾಹೇಬರಂಥ ಒಬ್ಬ ತಂದೆ, ಕಾರ್ನೀಲಿಯಾ ಅವರ ತಾಯಿಯಂಥ ಒಬ್ಬ ತಾಯಿ ಮನೆಯಲ್ಲಿದ್ದರೆ ಸಾಕು.

ಪಕ್ಕದ ಮನೆಯ ಅಕ್ಕ ಆ ಕಾಗದಕ್ಕೆ ಸಹಿ ಹಾಕಲಿಲ್ಲ. ಮೈದುನಂದಿರು ಕೆಲವು ದಿನ ಮಾತು ಬಿಟ್ಟರು. ಆಮೇಲೆ ಲೋಕ ಅದಾಲತ್ತಿನಲ್ಲಿ ಕೂತು ಮಾತಾಡಿ ರಾಜಿಯಾಯಿತು. ಮನೆಯಲ್ಲಿ ಅಕ್ಕನಿಗೂ ಮಕ್ಕಳಿಗೂ ಸೇರಬೇಕಾದ ಪಾಲು ಸೇರಿತು. ಈ ಗೌರಿ ಹಬ್ಬದ ದಿನ ಅಕ್ಕ ಆ ಕರಿ ಕೋಟಿನ ಹುಡುಗಿಯನ್ನು ಮನೆಗೆ ಕರೆದು ಅರಿಸಿನ ಕುಂಕುಮ ಕೊಟ್ಟು ಬಾಗಿನ ಕೊಟ್ಟರು. ಆಕೆ ಮೊರ ತೆಗೆದುಕೊಂಡು, “ನಾನೇನು ದೊಡ್ಡ ಕೆಲಸ ಮಾಡಿದೆ ಅಮ್ಮಾ, ಕಾಗದ ಓದಿ ಹೇಳಿದೆ ಅಷ್ಟೇ” ಎಂದಳು.

ಅಷ್ಟೇ. ಆದರೆ ಆ ಅಷ್ಟನ್ನು ಹೇಳಲು ಆ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂರಬೇಕಾದರೆ ಎಷ್ಟು ಮಂದಿ ಬಾಗಿಲು ತಟ್ಟಬೇಕಾಯಿತು, ನೋಡಿದಿರಲ್ಲ.